ಕ್ಯೋಟೊದಲ್ಲಿ ಎಲೆ ಕೆಂಪಾಗುವ ಹೊತ್ತು

(ಫೋಟೊ ತೆಗೆಯುವ ಆಸಕ್ತಿ ಇರುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯಲ್ಲಿದ್ದವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನವೆಂಬರ್‌ನಲ್ಲಿ ಜಪಾನ್‌ಗೆ ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಕ್ಯೋಟೊದಲ್ಲಿ ಕೆಂಪೆಲೆ ನೋಡಲು ಯಾವ ದೇವಸ್ಥಾನ ಚೆನ್ನಾಗಿದೆ?" ಶರತ್ಕಾಲದಲ್ಲಿ ಅಲ್ಲಿ ಮೇಪಲ್ ಮರಗಳ ಎಲೆ ಕೆಂಪಾಗುತ್ತದೆ, ಅದಕ್ಕೇ ಈ ಪ್ರಶ್ನೆ. ಹೆಸರು ಹೇಳುವುದು ಸುಲಭ. ಆದರೆ ಅದೇ ದೇವಸ್ಥಾನಕ್ಕೆ ಬೆಳಗ್ಗೆ ಎಂಟಕ್ಕೆ ಹೋದವರು ಒಂದು ನೋಡುತ್ತಾರೆ, ಮಧ್ಯಾಹ್ನ ಮೂರಕ್ಕೆ ಹೋದವರು ಬೇರೆಯದನ್ನೇ ನೋಡುತ್ತಾರೆ. ನವೆಂಬರ್ ಮೊದಲ ವಾರ ಹಸಿರಾಗಿದ್ದ ಅಂಗಳ ಕೊನೆಯ ವಾರ ಕೆಂಪಾಗಿ, ಡಿಸೆಂಬರ್ ನಡುಭಾಗಕ್ಕೆ ಬರಿದಾಗಿರುತ್ತದೆ. ಹಾಗಾಗಿ ಮೊದಲು ಕೇಳಬೇಕಾದ್ದು ಯಾವ ದಿನ, ಯಾವ ಹೊತ್ತು, ಬಿಸಿಲು ಯಾವ ಕಡೆಯಿಂದ ಅಂತ. ಈ ಮೂರು ಗೊತ್ತಾದರೆ ಹೆಸರಿಲ್ಲದ ಗಲ್ಲಿಯ ಒಂದು ಮರವೂ ಸಾಕು. ಗೊತ್ತಾಗದಿದ್ದರೆ ಊರಿನ ಅತ್ಯಂತ ಪ್ರಸಿದ್ಧ ತೋಟದಲ್ಲಿ ನಿಂತರೂ ಚಿತ್ರ ಮಂಕಾಗಿಯೇ ಬರುತ್ತದೆ. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ.

ಮೊದಲು ಊರಿನ ನೆಲ ನೋಡೋಣ. ಕ್ಯೋಟೊ ಒಂದು ಕಡೆ ಅಂಚು ಒಡೆದ ದೊಡ್ಡ ಬೋಗುಣಿಯ ಹಾಗೆ. ಪೂರ್ವಕ್ಕೆ ಹಿಗಾಶಿಯಾಮಾ ಬೆಟ್ಟಸಾಲು, ಉತ್ತರಕ್ಕೆ ಕಿತಾಯಾಮಾ, ಪಶ್ಚಿಮಕ್ಕೆ ಅರಾಶಿಯಾಮಾ ಕಡೆಯ ಬೆಟ್ಟಗಳು. ದಕ್ಷಿಣ ಮಾತ್ರ ತೆರೆದಿದೆ. ತಳದಲ್ಲಿ ಸುಮಾರು 14 ಲಕ್ಷ ಜನರ ನಗರ, ನಡುವೆ ಕಾಮೊ ನದಿ. ಹಳೆಯ ದೇವಸ್ಥಾನಗಳಲ್ಲಿ ಬಹಳಷ್ಟು ಇರುವುದು ಈ ಬೆಟ್ಟಗಳ ಬುಡದಲ್ಲಿ. 794ರಲ್ಲಿ ರಾಜಧಾನಿಯಾದ ಊರು ಇದು. ಸಾವಿರ ವರ್ಷಕ್ಕೂ ಮೀರಿ ಅರಮನೆಯವರು, ಸನ್ಯಾಸಿಗಳು, ಸೇನಾಪತಿಗಳು ಬೆಟ್ಟದ ಬುಡಗಳನ್ನೇ ಹುಡುಕಿ ತೋಟ ಕಟ್ಟಿಕೊಂಡರು. ನೀರು ಅಲ್ಲಿತ್ತು, ನೆರಳು ಅಲ್ಲಿತ್ತು, ಮರಗಳೂ ಅಲ್ಲಿದ್ದವು.

ಬಣ್ಣ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಬೆಟ್ಟದಲ್ಲಿ ಚಳಿ ಮೊದಲು ಬರುತ್ತದಲ್ವಾ, ಅದಕ್ಕೆ. ವಾಯವ್ಯದ ಬೆಟ್ಟಗಳ ನಡುವೆ ತಕಾವೊ ಎಂಬ ಜಾಗವಿದೆ. ಅಲ್ಲಿ ಜಿಂಗೊಜಿ, ಸಾಯ್‌ಮ್ಯೊಜಿ, ಕೊಜಾನ್‌ಜಿ ಅಂತ ಮೂರು ದೇವಸ್ಥಾನಗಳು. ಊರೊಳಗೆ ಇನ್ನೂ ಹಸಿರಿರುವಾಗಲೇ, ನವೆಂಬರ್ ಮೊದಲರ್ಧದಲ್ಲೇ ಅಲ್ಲಿ ಮರಗಳು ಕೆಂಪೇರುತ್ತವೆ. ಆಮೇಲೆ ಕುರಾಮಾ, ಕಿಬುನೆ ಕಣಿವೆಗಳು. ನವೆಂಬರ್ 20ರ ಸುಮಾರಿಗೆ ಬಣ್ಣ ಹಿಗಾಶಿಯಾಮಾದ ಬುಡಕ್ಕೂ ಅರಾಶಿಯಾಮಾಕ್ಕೂ ಬಂದಿರುತ್ತದೆ. ಅಲ್ಲಿಂದ ಡಿಸೆಂಬರ್ ಮೊದಲ ದಿನಗಳವರೆಗೆ ನಗರಕ್ಕೆ ಭರಾಟೆ. ಕೊನೆಗೆ ನದಿಗಳು ಸೇರುವಲ್ಲಿರುವ ಶಿಮೊಗಾಮೊ ಕಾಡು. ಒಂದೇ ಊರಿನಲ್ಲಿ ಸುಮಾರು ಒಂದು ತಿಂಗಳು ಬಣ್ಣ ಜಾಗ ಬದಲಿಸುತ್ತಾ ಹೋಗುತ್ತದೆ. ನೀವು ಹೋದ ವಾರ ಬೇಗ ಆಯಿತೋ ತಡ ಆಯಿತೋ ಅಂತ ಕೊರಗಬೇಕಾಗಿಲ್ಲ. ಬೇಗ ಆದರೆ ಬೆಟ್ಟ ಹತ್ತಿ, ತಡವಾದರೆ ನದಿಯ ಕಡೆ ಇಳಿಯಿರಿ.

ಎಲೆ ಯಾಕೆ ಕೆಂಪಾಗುತ್ತದೆ ಅನ್ನುವುದನ್ನು ಸ್ವಲ್ಪ ಹೇಳಿಬಿಡುತ್ತೇನೆ, ಫೋಟೊ ತೆಗೆಯುವವರಿಗೆ ಇದು ಕೆಲಸಕ್ಕೆ ಬರುತ್ತದೆ. ಎಲೆಯ ಹಸಿರು ಕ್ಲೋರೊಫಿಲ್‌ನಿಂದ ಬಂದದ್ದು. ಹಗಲು ಚಿಕ್ಕದಾಗಿ ಚಳಿ ಹೆಚ್ಚಿದಾಗ ಮರ ಅದನ್ನು ಒಡೆದು, ಎಲೆಯಲ್ಲಿನ ಸಾರಜನಕವನ್ನು ಕೊಂಬೆಗೆ ವಾಪಸ್ ಎಳೆದುಕೊಳ್ಳುತ್ತದೆ. ಹಸಿರು ಹೋದ ಮೇಲೆ, ಮೊದಲಿನಿಂದಲೂ ಎಲೆಯಲ್ಲೇ ಇದ್ದ ಹಳದಿ ಕಾಣುತ್ತದೆ. ಅವು ಕೆರೊಟಿನಾಯ್ಡ್‌ಗಳು. ಗಿಂಕ್ಗೊ ಮರದ ಬಂಗಾರದ ಬಣ್ಣ ಇದೇ. ಕೆಂಪಿನ ಕಥೆ ಬೇರೆ. ಅದು ಮೊದಲು ಅಲ್ಲಿ ಇರುವುದಿಲ್ಲ. ಎಲೆಯ ತೊಟ್ಟಿನ ಬುಡ ಮುಚ್ಚಿಕೊಳ್ಳುತ್ತಾ ಬಂದ ಹಾಗೆ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆಂಥೋಸಯಾನಿನ್ ಎಂಬ ಬಣ್ಣ ಹೊಸದಾಗಿ ತಯಾರಾಗುತ್ತದೆ. ಇದಕ್ಕೆ ಹಗಲು ಒಳ್ಳೆಯ ಬಿಸಿಲು ಬೇಕು, ರಾತ್ರಿ ಚಳಿ ಬೇಕು, ನೆಲದಲ್ಲಿ ತೇವ ಇರಬೇಕು. ರಾತ್ರಿಯ ತಾಪಮಾನ 8 ಡಿಗ್ರಿಗಿಂತ ಕೆಳಗೆ ಹೋಗತೊಡಗಿದರೆ ಬಣ್ಣ ಏರತೊಡಗುತ್ತದೆ, 5ರ ಹತ್ತಿರ ಬಂದರೆ ಬೇಗ ಬೇಗ ಏರುತ್ತದೆ ಅಂತ ಅಲ್ಲಿ ಲೆಕ್ಕ ಹಾಕುತ್ತಾರೆ.

ನಮ್ಮಲ್ಲೂ ಇದೇ ಬಣ್ಣ ಇದೆ. ಮಾವಿನ ಎಳೆ ಚಿಗುರು ತಾಮ್ರದ ಬಣ್ಣಕ್ಕೆ ಇರುತ್ತದಲ್ವಾ, ಅದು ಆಂಥೋಸಯಾನಿನ್. ಶಾಲೆಯ ಅಂಗಳದ ಕಾಡುಬಾದಾಮಿ ಮರ ಎಲೆ ಉದುರಿಸುವ ಮೊದಲು ಕೆಂಪಾಗುವುದನ್ನು ನೀವೆಲ್ಲ ನೋಡಿದ್ದೀರಿ. ಜಪಾನ್‌ಗೆ ಹೋಗುವ ಮೊದಲು ಆ ಬಾದಾಮಿ ಎಲೆಯಲ್ಲೇ ಅಭ್ಯಾಸ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮರದ ಯಾವ ಭಾಗಕ್ಕೆ ಬಿಸಿಲು ಜಾಸ್ತಿ ಬೀಳುತ್ತದೋ ಆ ಭಾಗ ಮೊದಲು, ಹೆಚ್ಚು ಕೆಂಪಾಗುತ್ತದೆ. ಒಂದೇ ಮೇಪಲ್ ಮರದಲ್ಲಿ ತುದಿ ಕಡುಗೆಂಪು, ನಡುವೆ ಕಿತ್ತಳೆ, ಒಳಗಿನ ನೆರಳಿನಲ್ಲಿ ಹಳದಿ, ಬುಡದ ಕೊಂಬೆಯಲ್ಲಿ ಹಸಿರು. ಪೂರ್ತಿ ಕೆಂಪಾದ ಮರಕ್ಕಿಂತ ಹೀಗೆ ನಡುದಾರಿಯಲ್ಲಿರುವ ಮರವೇ ನನಗೆ ಇಷ್ಟ. ಕಣ್ಣಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಲು ಏನೋ ಒಂದು ಸಿಗುತ್ತದೆ.

ಇನ್ನೊಂದು ಮಾತು. ಜಪಾನ್‌ನ ಹವಾಮಾನ ಇಲಾಖೆ 1953ರಿಂದ ದೇಶಾದ್ಯಂತ ಒಂದೇ ಪದ್ಧತಿಯಲ್ಲಿ, ಗುರುತು ಮಾಡಿಟ್ಟ ಮರಗಳನ್ನು ನೋಡಿ, ಎಲೆ ಕೆಂಪಾದ ದಿನವನ್ನು ಬರೆದಿಡುತ್ತಾ ಬಂದಿದೆ. 2021ರಲ್ಲಿ ಅವರು ಗಿಡ, ಹಕ್ಕಿ, ಹುಳುಗಳ ವೀಕ್ಷಣೆಯಲ್ಲಿ ಬಹಳಷ್ಟನ್ನು ಕೈಬಿಟ್ಟು ಆರು ಗಿಡಮರಗಳನ್ನು ಮಾತ್ರ ಉಳಿಸಿಕೊಂಡರು. ಆ ಆರರಲ್ಲಿ ಮೇಪಲ್ ಮತ್ತು ಗಿಂಕ್ಗೊ ಎರಡೂ ಇವೆ. ಈ ದಾಖಲೆ ಹೇಳುವ ಪ್ರಕಾರ ಮೇಪಲ್ ಕೆಂಪಾಗುವ ದಿನ ಹತ್ತು ವರ್ಷಕ್ಕೆ ಸುಮಾರು 3 ದಿನದಂತೆ ತಡವಾಗುತ್ತಾ ಹೋಗುತ್ತಿದೆ. ಅಂದರೆ ನಮ್ಮ ಅಪ್ಪನ ಕಾಲದ ಪ್ರವಾಸಿ ಕೈಪಿಡಿ ಹಿಡಿದು ನವೆಂಬರ್ ಮೊದಲ ವಾರ ಹೋದರೆ ನಗರದಲ್ಲಿ ಹಸಿರೆಲೆ ನೋಡಿ ಬರಬೇಕಾಗುತ್ತದೆ. ಬೇಸಿಗೆ ತೀರಾ ಬಿಸಿಯಾಗಿ ಒಣಗಿದ ವರ್ಷಗಳಲ್ಲಿ ಎಲೆಯ ತುದಿ ಕಂದಾಗಿ ಮುದುಡಿರುವುದೂ ಉಂಟು. ಇದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಾವಿರ ವರ್ಷ ಜನ ಕಾದು ನೋಡಿದ ಒಂದು ಸಂಗತಿ ನಮ್ಮ ಕಣ್ಣೆದುರಿಗೇ ಜಾರುತ್ತಿದೆ.

ಈಗ ಬೆಳಕಿಗೆ ಬರೋಣ.

ಬೆಂಗಳೂರಿನಲ್ಲಿ ಫೋಟೊ ಕಲಿತವರು ಮಧ್ಯಾಹ್ನ ಕ್ಯಾಮೆರಾ ಒಳಗಿಡುತ್ತಾರೆ. ನೆತ್ತಿಯ ಬಿಸಿಲಲ್ಲಿ ಏನೂ ಚೆನ್ನಾಗಿ ಬರುವುದಿಲ್ಲ ಅಂತ. ಕ್ಯೋಟೊ ಇರುವುದು 35 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನವೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನ ಕೂಡ ಸೂರ್ಯ ಅಲ್ಲಿ ದಿಗಂತದಿಂದ ಸುಮಾರು 34 ಡಿಗ್ರಿ ಅಷ್ಟೇ ಮೇಲಿರುತ್ತಾನೆ. ಬೆಂಗಳೂರಿನಲ್ಲಿ ಅದೇ ದಿನ ಸುಮಾರು 56 ಡಿಗ್ರಿ. ಅಂದರೆ ಕ್ಯೋಟೊದಲ್ಲಿ ಆಗ ದಿನವಿಡೀ ಓರೆ ಬಿಸಿಲು. ಮಧ್ಯಾಹ್ನ ಹನ್ನೆರಡಕ್ಕೂ ಎಲೆಯ ಹಿಂದಿನಿಂದ ಬೆಳಕು ಬರುತ್ತದೆ. ಇದೊಂದು ದೊಡ್ಡ ಭಾಗ್ಯ. ಆದರೆ ದಿನ ಚಿಕ್ಕದು. ಬೆಳಗ್ಗೆ 6.40ರ ಸುಮಾರಿಗೆ ಸೂರ್ಯ ಹುಟ್ಟಿ, ಸಂಜೆ 4.50ರೊಳಗೆ ಮುಳುಗಿಬಿಡುತ್ತಾನೆ. ಬೆಟ್ಟದ ಬುಡದಲ್ಲಿ ಅದಕ್ಕೂ ಮೊದಲೇ ನೆರಳು.

ಇಲ್ಲೇ ಊರಿನ ಆಕಾರ ಕೆಲಸಕ್ಕೆ ಬರುವುದು. ಪಶ್ಚಿಮದ ಬೆಟ್ಟಗಳ ಮೈ ಪೂರ್ವಕ್ಕೆ ತೆರೆದಿದೆ. ಅದಕ್ಕೆ ಬೆಳಗಿನ ಬಿಸಿಲು ಬೀಳುತ್ತದೆ. ಪೂರ್ವದ ಬೆಟ್ಟದ ಬುಡಕ್ಕೆ ಬೆಳಗ್ಗೆ ನೆರಳು, ಮಧ್ಯಾಹ್ನದ ಮೇಲೆ ಬಿಸಿಲು. ಹಾಗಾಗಿ ಬೆಳಗ್ಗೆ ಅರಾಶಿಯಾಮಾ, ಮಧ್ಯಾಹ್ನ ಹಿಗಾಶಿಯಾಮಾ. ತಿರುಗಾಮುರುಗಾ ಹೋದವರಿಗೆ ಎರಡು ಕಡೆಯೂ ನೆರಳೇ ಸಿಗುತ್ತದೆ.

ಅರಾಶಿಯಾಮಾಕ್ಕೆ ಬೆಳಗ್ಗೆ ಏಳೂವರೆಗೆ ಹೋಗಿ. ತೊಗೆತ್ಸುಕ್ಯೊ ಸೇತುವೆಯ ಉತ್ತರ ದಡದಲ್ಲಿ, ನೀರಿನ ಪಕ್ಕ ನಿಂತುಕೊಳ್ಳಿ. ಎದುರಿಗೆ ಬೆಟ್ಟದ ಇಳಿಜಾರು. ಅದು ಮೇಪಲ್ ಒಂದೇ ಇರುವ ಬೆಟ್ಟ ಅಲ್ಲ. ಪೈನ್ ಮರಗಳ ಹಸಿರು, ಚೆರ್ರಿ ಎಲೆಯ ತುಕ್ಕುಗೆಂಪು, ಮೇಪಲ್‌ನ ಕಡುಗೆಂಪು, ಇನ್ಯಾವುದೋ ಮರದ ಹಳದಿ, ಎಲ್ಲ ಕಲೆತಿದೆ. ಚಳಿಯ ಬೆಳಗಿನಲ್ಲಿ ಕೆಲವೊಮ್ಮೆ ಕಟ್ಸುರಾ ನದಿಯ ಮೇಲೆ ಮಂಜು ಎದ್ದಿರುತ್ತದೆ. ಬಿಸಿಲು ಬೆಟ್ಟದ ತುದಿಯಿಂದ ಕೆಳಗೆ ಇಳಿಯುತ್ತದೆ. ಇಲ್ಲಿ ಅಗಲ ಲೆನ್ಸ್ ಹಾಕಬೇಡಿ. ಬೆಟ್ಟ ಸಣ್ಣದಾಗಿ, ಆಕಾಶ ದೊಡ್ಡದಾಗಿ ಬರುತ್ತದೆ. 100 ಮಿಲಿಮೀಟರ್‌ಗಿಂತ ಉದ್ದದ ಲೆನ್ಸ್‌ನಲ್ಲಿ ಬೆಟ್ಟದ ಒಂದು ತುಂಡನ್ನು ಮಾತ್ರ ಹಿಡಿಯಿರಿ, ಆಕಾಶ ಪೂರ್ತಿ ಬಿಟ್ಟುಬಿಡಿ. ಮೊಬೈಲ್‌ನಲ್ಲಿ ಮೂರು ಪಟ್ಟು ಜೂಮ್ ಇದ್ದರೆ ಅದೂ ಸಾಕು. ಹತ್ತು ಗಂಟೆ ಆದ ಮೇಲೆ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಮಧ್ಯಾಹ್ನದ ನಂತರ ಸೂರ್ಯ ಬೆಟ್ಟದ ಹಿಂದೆ ಸರಿದು ಬಣ್ಣವೂ ಸತ್ತಿರುತ್ತದೆ.

ಈಗ ಪೂರ್ವಕ್ಕೆ. ಹಿಗಾಶಿಯಾಮಾದ ಬುಡದಲ್ಲಿ ಎಯ್ಕಾನ್‌ದೊ ದೇವಸ್ಥಾನ ಇದೆ. 853ರಲ್ಲಿ ಸ್ಥಾಪನೆಯಾದದ್ದು. ಮೇಪಲ್ ಎಂದರೆ ಎಯ್ಕಾನ್‌ದೊ ಅಂತಲೇ ಜಪಾನೀಯರು ಹೇಳುತ್ತಾರೆ, ಸುಮಾರು ಮೂರು ಸಾವಿರ ಮರಗಳಿವೆ. ಒಳಗೆ ಅಮಿದಾ ಬುದ್ಧನ 77 ಸೆಂಟಿಮೀಟರ್ ಎತ್ತರದ ಒಂದು ವಿಗ್ರಹ. ಅದರ ಮುಖ ಎದುರಿಗಿಲ್ಲ, ಎಡ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದೆ. 1082ರಲ್ಲಿ ಎಯ್ಕಾನ್ ಎಂಬ ಸನ್ಯಾಸಿ ನಾಮಜಪ ಮಾಡುತ್ತಾ ಪೀಠದ ಸುತ್ತ ನಡೆಯುತ್ತಿದ್ದಾಗ ಅಮಿದಾ ಪೀಠ ಇಳಿದು ಅವರ ಮುಂದೆ ನಡೆದನಂತೆ. ಬೆರಗಾಗಿ ನಿಂತುಬಿಟ್ಟ ಸನ್ಯಾಸಿಯನ್ನು ಹಿಂದಿರುಗಿ ನೋಡಿ, "ಎಯ್ಕಾನ್, ತಡ ಮಾಡುತ್ತಿದ್ದೀಯ" ಅಂದನಂತೆ. ಕೆಂಪೆಲೆಗಾಗಿ ಬಂದವರಲ್ಲಿ ಎಷ್ಟೋ ಜನ ತೋಟ ಸುತ್ತಿ ಈ ವಿಗ್ರಹ ನೋಡದೆ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರ ಪಕ್ಕಕ್ಕೆ ಹೋಗಿ ನಿಂತರೆ ಮುಖ ನಿಮ್ಮ ಕಡೆಗೆ ತಿರುಗಿರುತ್ತದೆ. ಫೋಟೊ ತೆಗೆಯುವಂತಿಲ್ಲ, ಸುಮ್ನೆ ನೋಡಬೇಕು.

ಎಯ್ಕಾನ್‌ದೊದ ತೋಟದಲ್ಲಿ ಮಧ್ಯಾಹ್ನ ಎರಡರಿಂದ ಮೂರೂವರೆ ಒಳ್ಳೆಯ ಹೊತ್ತು. ಪಶ್ಚಿಮದ ಬಿಸಿಲು ಮರಗಳೊಳಗೆ ಓರೆಯಾಗಿ ನುಗ್ಗುತ್ತದೆ. ಬಿಸಿಲು ಬೆನ್ನಿಗೆ ಇಟ್ಟುಕೊಂಡು ನೋಡಿದರೆ ಮರ ಚಪ್ಪಟೆಯಾಗಿ ಕಾಣುತ್ತದೆ, ಎಲೆಯ ಮೇಲ್ಮೈ ಬೆಳ್ಳಗೆ ಹೊಳೆಯುತ್ತದೆ. ಅದೇ ಮರವನ್ನು ದಾಟಿ, ಸೂರ್ಯನ ಕಡೆ ತಿರುಗಿ ನೋಡಿ. ಜಪಾನಿನ ಮೇಪಲ್ ಎಲೆ ಚಿಕ್ಕದು, ಬಹಳ ತೆಳು. ಬೆಳಕು ಅದರೊಳಗಿಂದಲೇ ಹಾದು ಬರುತ್ತದೆ. ಎಲೆಯ ನರಗಳೆಲ್ಲ ಎದ್ದು ಕಾಣುತ್ತವೆ. ಕಾಡುಬಾದಾಮಿ ಎಲೆಯಲ್ಲಿ ಅಭ್ಯಾಸ ಮಾಡಿ ಅಂದದ್ದು ಇದಕ್ಕೆ. ಆ ದಪ್ಪ ಎಲೆಯಲ್ಲೂ ಎದುರುಬೆಳಕಿಗೂ ಬೆನ್ನುಬೆಳಕಿಗೂ ಎಷ್ಟು ವ್ಯತ್ಯಾಸ ಅಂತ ಒಮ್ಮೆ ನೋಡಿದರೆ, ಮುಂದೆ ಯಾವ ಮರದ ಕೆಳಗೆ ನಿಂತರೂ ಕಾಲು ತಾನಾಗಿ ಸೂರ್ಯನ ಕಡೆ ತಿರುಗುತ್ತದೆ.

ಎದುರುಬೆಳಕಿನ ಎಲೆಗೆ ಹಿನ್ನೆಲೆ ಕಪ್ಪಾಗಿರಬೇಕು. ಆಕಾಶ ಹಿನ್ನೆಲೆಗೆ ಬಂದರೆ ಎಲೆ ಮಂಕು. ಕ್ಯೋಟೊದ ದೇವಸ್ಥಾನಗಳ ಉಪಕಾರ ಇಲ್ಲಿದೆ. ಅವುಗಳ ಸೂರು ಅಗಲ, ಮರದ ಕಂಬಗಳು ವಯಸ್ಸಾಗಿ ಕಪ್ಪಾಗಿವೆ, ಸೂರಿನ ಕೆಳಗೆ ಗಾಢ ನೆರಳು. ಆ ನೆರಳಿನ ಮುಂದೆ ಬಿಸಿಲು ಬಿದ್ದ ಒಂದೇ ಕೊಂಬೆ ಬರುವ ಹಾಗೆ ನಿಂತುಕೊಳ್ಳಿ. ಎಡಕ್ಕೋ ಬಲಕ್ಕೋ ಎರಡು ಹೆಜ್ಜೆ ಸರಿದರೆ ಸಾಕು, ಹಿನ್ನೆಲೆ ಬದಲಾಗುತ್ತದೆ. ದುಬಾರಿ ಲೆನ್ಸ್‌ಗಿಂತ ಈ ಎರಡು ಹೆಜ್ಜೆ ದೊಡ್ಡದು ಅಂತ ನಾನು ಪೂರ್ತಿ ನಂಬುತ್ತೇನೆ.

ಕ್ಯಾಮೆರಾ ಹೊಂದಿಸುವ ಬಗ್ಗೆ ಒಂದೆರಡು ವಿಷಯ. ಕೆಂಪು ಮೋಸದ ಬಣ್ಣ. ಕ್ಯಾಮೆರಾ ಒಟ್ಟು ಬೆಳಕನ್ನು ಅಳೆದು ಸರಿಯಾಗಿದೆ ಅಂತ ಹೇಳುತ್ತದೆ, ಆದರೆ ಅಷ್ಟರಲ್ಲಿ ಕೆಂಪು ಮಾತ್ರ ತುಂಬಿ ಚೆಲ್ಲಿರುತ್ತದೆ. ಎಲೆಯ ನರ, ಅಂಚು, ಮಡಿಕೆ ಎಲ್ಲ ಅಳಿಸಿ ಬರಿ ಕೆಂಪು ಬಳಿದ ಹಾಗೆ ಬರುತ್ತದೆ. ಹಿಸ್ಟೊಗ್ರಾಮ್‌ನಲ್ಲಿ, ಅಂದರೆ ಚಿತ್ರದಲ್ಲಿ ಎಷ್ಟು ಕತ್ತಲು ಎಷ್ಟು ಬೆಳಕು ಅಂತ ತೋರಿಸುವ ನಕ್ಷೆಯಲ್ಲಿ, ಮೂರು ಬಣ್ಣ ಬೇರೆ ಬೇರೆ ತೋರಿಸುವ ಆಯ್ಕೆ ಇದ್ದರೆ ಅದನ್ನು ಹಾಕಿಕೊಂಡು ಕೆಂಪಿನ ಗೆರೆಯನ್ನು ಮಾತ್ರ ನೋಡಿ. ಅದು ಬಲ ಅಂಚಿಗೆ ಬಡಿದಿದ್ದರೆ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕು, ಇಳಿಸಿ. ಸಾಮಾನ್ಯವಾಗಿ ಮೂರನೇ ಎರಡು ಸ್ಟಾಪ್ (ಬೆಳಕು ಅಳೆಯುವ ಮೆಟ್ಟಿಲು) ಇಳಿಸಿದರೆ ಸಾಕಾಗುತ್ತದೆ. ಮೊಬೈಲ್‌ನಲ್ಲಿ ಎಲೆಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ಆಮೇಲೆ ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಏರಿಸಬೇಡಿ. ಈ ಎಲೆಗಳಿಗೆ ಅದು ಬೇಕಾಗಿಲ್ಲ. ನೀವು ನೋಡಿದ್ದು ಹತ್ತಾರು ಬಗೆಯ ಕೆಂಪು. ಏರಿಸಿದ ಮೇಲೆ ಉಳಿಯುವುದು ಒಂದೇ.

ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಸರಿಪಡಿಸುವ ಹೊಂದಾಣಿಕೆ) ಆಟೊದಲ್ಲಿ ಬಿಟ್ಟರೆ ಕೆಲವು ಕ್ಯಾಮೆರಾಗಳು ಕೆಂಪು ಜಾಸ್ತಿಯಾಯಿತು ಅಂದುಕೊಂಡು ಚಿತ್ರವನ್ನು ನೀಲಿ ಕಡೆಗೆ ಎಳೆದುಬಿಡುತ್ತವೆ. ಬಿಸಿಲಿದ್ದರೆ ಡೇಲೈಟ್, ನೆರಳಿದ್ದರೆ ಕ್ಲೌಡಿ, ಇಷ್ಟು ಇಟ್ಟುಕೊಳ್ಳಿ. ಇನ್ನು ಪೋಲರೈಸರ್, ಲೆನ್ಸ್ ಮುಂದೆ ಹಾಕಿ ತಿರುಗಿಸುವ ಫಿಲ್ಟರ್. ಎಲೆಯ ಮೇಲ್ಮೈಯ ಬಿಳಿ ಹೊಳಪನ್ನು ಅದು ತೆಗೆಯುತ್ತದೆ. ಒಳಗಿನ ಬಣ್ಣ ಆಗ ಹೊರಗೆ ಬರುತ್ತದೆ. ಶರತ್ಕಾಲಕ್ಕೆ ಒಂದೇ ಫಿಲ್ಟರ್ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಕೊಳದಲ್ಲಿ ಪ್ರತಿಬಿಂಬ ತೆಗೆಯುವಾಗ ಮಾತ್ರ ನೋಡಿಕೊಂಡು ತಿರುಗಿಸಿ, ಇಲ್ಲದಿದ್ದರೆ ಪ್ರತಿಬಿಂಬವನ್ನೇ ಅಳಿಸಿಬಿಡುತ್ತದೆ.

ಮಳೆ ಬಂದರೆ ಏನು ಮಾಡುವುದು? ಹೊರಗೆ ಹೋಗುವುದು! ಶರತ್ಕಾಲದ ಕೊನೆಯಲ್ಲಿ ಉತ್ತರದ ಬೆಟ್ಟಗಳ ಕಡೆಯಿಂದ ಜಿನುಗು ಮಳೆ ಬಂದು ಬಂದು ಹೋಗುತ್ತದೆ. ಕಿತಾಯಾಮಾ ಶಿಗುರೆ ಅಂತ ಅದಕ್ಕೆ ಹೆಸರೇ ಇದೆ. ಹತ್ತು ನಿಮಿಷ ಹನಿ, ಆಮೇಲೆ ಬಿಸಿಲು, ಮತ್ತೆ ಹನಿ. ಮಳೆಗೆ ಮರದ ಕಾಂಡ ಕಪ್ಪಾಗುತ್ತದೆ, ಪಾಚಿ ಹಸಿರೇರುತ್ತದೆ, ಕಲ್ಲುಹಾಸು ಹೊಳೆಯುತ್ತದೆ. ಬಿಸಿಲಿನಲ್ಲಿ ನೆರಳು ಬೆಳಕಿನ ಚುಕ್ಕಿಗಳಿಂದ ಗಲಿಬಿಲಿಯಾಗಿ ಕಾಣುತ್ತಿದ್ದ ತೋಟ ಮೋಡದ ಬೆಳಕಿನಲ್ಲಿ ಒಂದು ಹದಕ್ಕೆ ಬರುತ್ತದೆ. ಜನವೂ ಕಡಿಮೆ. ಪಾಚಿಯ ಮೇಲೆ ಬಿದ್ದ ಎಲೆಗಳನ್ನು ತೆಗೆಯಲು ಮಳೆ ನಿಂತ ಮೊದಲ ಹದಿನೈದು ನಿಮಿಷವೇ ಅತ್ಯುತ್ತಮ ಹೊತ್ತು.

ಇನ್ನು ತೊಫುಕುಜಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ಫೋಟೊ ತೆಗೆಯುವವರು ಅಲ್ಲಿ ಕಲಿಯುವುದು ಬಹಳ ಇದೆ.

ಊರಿನ ಆಗ್ನೇಯದಲ್ಲಿರುವ ದೊಡ್ಡ ಜೆನ್ ಮಠ ಅದು. ಜೆನ್ ಅಂದರೆ ಧ್ಯಾನಕ್ಕೆ ಒತ್ತು ಕೊಡುವ ಬೌದ್ಧ ಪಂಥ. ಕಟ್ಟಲು ಶುರು ಮಾಡಿದ್ದು 1236ರಲ್ಲಿ. ಮಠದ ನಡುವೆಯೇ ಒಂದು ಕಣಿವೆ ಹಾದುಹೋಗುತ್ತದೆ, ಅದರ ಮೇಲೆ ಚಾವಣಿ ಇರುವ ಮರದ ಸೇತುವೆ, ತ್ಸುತೆನ್‌ಕ್ಯೊ. ಕಣಿವೆಯ ತುಂಬ ಸುಮಾರು ಎರಡು ಸಾವಿರ ಮೇಪಲ್ ಮರಗಳು. ಸೇತುವೆ ಮೊದಲು ಕಟ್ಟಿದ್ದು 1380ರಲ್ಲಿ. 1959ರ ಚಂಡಮಾರುತಕ್ಕೆ ಕುಸಿದುಬಿತ್ತು, 1961ರಲ್ಲಿ ಮತ್ತೆ ಕಟ್ಟಿದರು. ಇಷ್ಟು ದೊಡ್ಡ ಮಠದಲ್ಲಿ ಚೆರ್ರಿ ಮರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೊಂದು ಕಥೆ ಹೇಳುತ್ತಾರೆ. ಮಿಂಚೊ ಎಂಬ ಸನ್ಯಾಸಿ ಇಲ್ಲಿದ್ದರು, ದೊಡ್ಡ ಚಿತ್ರಕಾರರು. ಅವರ ಚಿತ್ರ ಮೆಚ್ಚಿದ ಶೋಗುನ್ (ಆಗ ದೇಶ ಆಳುತ್ತಿದ್ದ ಸೇನಾಧಿಪತಿ) ಅಶಿಕಾಗಾ ಯೊಶಿಮೊಚಿ, ಏನು ಬೇಕೋ ಕೇಳಿ ಅಂದನಂತೆ. ಚೆರ್ರಿ ಮರಗಳನ್ನೆಲ್ಲ ಕಡಿಸಿಬಿಡಿ, ಹೂವಿನ ಕಾಲಕ್ಕೆ ಜನ ಮೋಜಿಗೆ ಬಂದರೆ ಮಠ ಮಠವಾಗಿ ಉಳಿಯುವುದಿಲ್ಲ ಅಂತ ಅವರು ಕೇಳಿದರಂತೆ. ಈಗ ನವೆಂಬರ್‌ನಲ್ಲಿ ಆ ಮಠಕ್ಕೆ ಬರುವ ಜನಸಾಗರ ನೋಡಿದರೆ ಅವರು ಏನನ್ನುತ್ತಿದ್ದರೋ.

ಜನ ತುಂಬುವ ದಿನಗಳಲ್ಲಿ ಆ ಸೇತುವೆಯ ಮೇಲೆ ಫೋಟೊ ತೆಗೆಯಬಾರದು ಅಂತ ಮಠದವರು ನಿಯಮ ಮಾಡಿದ್ದಾರೆ. ಜನ ಕಂಬಿಗೆ ಒರಗಿ ನಿಂತು ಕದಲದೆ ಇದ್ದರೆ ಹಿಂದಿನವರು ನೂಕಿ ಅಪಾಯ ಆಗುತ್ತದೆ, ಅದಕ್ಕೆ. ಇದನ್ನು ಕೇಳಿ ಅನೇಕರಿಗೆ ಬೇಸರ. ನನಗೆ ಇದು ಬಹಳ ಸರಿಯಾದ ನಿಯಮ ಅನ್ನಿಸುತ್ತದೆ. ಸೇತುವೆಯ ಮೇಲೆ ಕ್ಯಾಮೆರಾ ಚೀಲದೊಳಗಿಟ್ಟು ನಡೆಯುವಾಗ ಮೇಪಲ್ ತುದಿಗಳು ಕಾಲ ಕೆಳಗೆ ಹರಡಿರುವುದು ಕಾಣುತ್ತದೆ. ನಾವು ಯಾವಾಗಲೂ ಮರವನ್ನು ಕೆಳಗಿನಿಂದ ನೋಡುವವರು, ಇಲ್ಲಿ ಮೇಲಿನಿಂದ ನೋಡುತ್ತೇವೆ. ಸೇತುವೆ ದಾಟಿ ಕಣಿವೆಗೆ ಇಳಿದ ಮೇಲೆ ನಿಧಾನವಾಗಿ ಫೋಟೊ ತೆಗೆಯಲು ಜಾಗ ಇದೆ. ಅಷ್ಟು ಹೊತ್ತಿಗೆ ಏನು ತೆಗೆಯಬೇಕು ಅಂತ ನಿಮಗೇ ಗೊತ್ತಾಗಿರುತ್ತದೆ. ಮೊದಲು ನೋಡು, ಆಮೇಲೆ ತೆಗೆ ಅನ್ನುವುದನ್ನು ನಾವು ಬಾಯಲ್ಲಿ ಹೇಳುತ್ತೇವೆ, ತೊಫುಕುಜಿ ಅದನ್ನು ಮಾಡಿಸುತ್ತದೆ.

ಬಹುತೇಕ ದೇವಸ್ಥಾನಗಳಲ್ಲಿ ಟ್ರೈಪಾಡ್‌ಗೆ ಅವಕಾಶ ಇಲ್ಲ. ಸೆಲ್ಫಿ ಕೋಲಿಗೂ ಎಷ್ಟೋ ಕಡೆ ಇಲ್ಲ. ಕಟ್ಟಡದೊಳಗೆ ಕ್ಯಾಮೆರಾ ಬೇಡ ಅಂದರೆ ಬೇಡ. ಪಾಚಿಯ ಮೇಲೆ ಕಾಲಿಡಬೇಡಿ, ಆ ಪಾಚಿ ಹಾಗೆ ಬೆಳೆಯಲು ಎಷ್ಟೋ ವರ್ಷ ಬೇಕಾಗಿದೆ. ಒಳ್ಳೆಯ ಫೋಟೊ ಬರಲಿ ಅಂತ ಕೊಂಬೆ ಅಲ್ಲಾಡಿಸಿ ಎಲೆ ಉದುರಿಸುವುದಂತೂ ತಪ್ಪೇ ತಪ್ಪು. ಗಿಯೊನ್ ಬಡಾವಣೆಯ ಖಾಸಗಿ ಗಲ್ಲಿಗಳಲ್ಲಿ ಅನುಮತಿ ಇಲ್ಲದೆ ಫೋಟೊ ತೆಗೆದರೆ 10,000 ಯೆನ್ ಅಂತ 2019ರಲ್ಲೇ ಫಲಕ ಹಾಕಿದ್ದಾರೆ. ಅಲ್ಲಿನ ಜನರಿಗೆ ಅದು ಮನೆ ಬಾಗಿಲು.

ಹೊರಗಿನಿಂದ ನೋಡುವುದಾಯಿತು. ಕ್ಯೋಟೊದ ತೋಟಗಳನ್ನು ಒಳಗೆ ಕೂತು ನೋಡಲೆಂದೇ ಮಾಡಿರುತ್ತಾರೆ. ಉತ್ತರದ ತಕಾಗಾಮಿನೆಯಲ್ಲಿ ಗೆಂಕೊಆನ್ ಎಂಬ ಚಿಕ್ಕ ದೇವಸ್ಥಾನ ಇದೆ. ಪಕ್ಕಪಕ್ಕದಲ್ಲಿ ಎರಡು ಕಿಟಕಿ. ಒಂದು ದುಂಡಗೆ, ಒಂದು ಚೌಕ. ದುಂಡಗಿನದಕ್ಕೆ ಅರಿವಿನ ಕಿಟಕಿ, ಚೌಕದ್ದಕ್ಕೆ ಗೊಂದಲದ ಕಿಟಕಿ ಅಂತ ಹೆಸರು. ಎರಡರಲ್ಲೂ ಕಾಣುವುದು ಅದೇ ಹಿತ್ತಿಲು, ಅದೇ ಕೆಂಪೆಲೆ. ಚಾಪೆಯ ಮೇಲೆ ಕೂತು ನೋಡಬೇಕು. ತಲೆಯ ಮೇಲಿನ ಚಾವಣಿಯ ಹಲಗೆಗಳು ಫುಶಿಮಿ ಕೋಟೆಯವು. 1600ರಲ್ಲಿ ಅಲ್ಲಿ ಸತ್ತ ಯೋಧರ ರಕ್ತದ ಕಲೆ ಅವುಗಳ ಮೇಲೆ ಇನ್ನೂ ಇದೆ. ಫೋಟೊ ತೆಗೆಯುವುದಾದರೆ ಕ್ಯಾಮೆರಾವನ್ನು ಕೂತವರ ಕಣ್ಣಿನ ಎತ್ತರಕ್ಕೇ ಇಡಿ. ನಿಂತು ತೆಗೆದರೆ ಕಿಟಕಿಯೊಳಗಿನ ಮರಗಳು ಅಳತೆ ತಪ್ಪುತ್ತವೆ. ಕೋಣೆಯನ್ನು ಕಪ್ಪಾಗಿಯೇ ಬಿಡಿ, ಹೊರಗಿನ ಎಲೆಗೆ ಮಾತ್ರ ಬೆಳಕು ಹೊಂದಿಸಿ.

ರಾತ್ರಿಯ ದೀಪಾಲಂಕಾರದ ಬಗ್ಗೆ ಹೇಳಲು ಹೆಚ್ಚಿಲ್ಲ. ಎಯ್ಕಾನ್‌ದೊ, ಕೊದಾಯ್‌ಜಿ, ಕಿಯೊಮಿಜುದೆರಾ ಎಲ್ಲ ಕಡೆ ಇರುತ್ತದೆ. ಕೊದಾಯ್‌ಜಿಯ ಕೊಳದಲ್ಲಿ ಗಾಳಿ ಇಲ್ಲದ ರಾತ್ರಿ ಮರಗಳು ತಲೆಕೆಳಗಾಗಿ ಪೂರ್ತಿ ಮೂಡುತ್ತವೆ, ಅದನ್ನೊಂದು ನೋಡಿ. ಉಳಿದಂತೆ ನನಗೆ ವಿದ್ಯುತ್ ದೀಪಕ್ಕಿಂತ ಸೂರ್ಯನೇ ಇಷ್ಟ.

ನಾನ್‌ಜೆನ್‌ಜಿ ಮಠವನ್ನು ಮಾತ್ರ ಬಿಡಲಾರೆ. ಮಠದ ಅಂಗಳದ ಪಕ್ಕದಲ್ಲೇ ಕೆಂಪು ಇಟ್ಟಿಗೆಯ ಕಮಾನುಗಳ ಮೇಲ್ಗಾಲುವೆ ಇದೆ, 93 ಮೀಟರ್ ಉದ್ದ, 1888ರಲ್ಲಿ ಕಟ್ಟಿದ್ದು. ರಾಜಧಾನಿ ಟೋಕಿಯೊಗೆ ಹೋದ ಮೇಲೆ ಸೊರಗಿದ ಊರಿಗೆ ಜೀವ ತುಂಬಲು ಬಿವಾ ಸರೋವರದಿಂದ ಕಾಲುವೆ ತಂದರು. ತನಾಬೆ ಸಾಕುರೊ ಎಂಬ ಯುವ ಎಂಜಿನಿಯರ್‌ನ ಕೆಲಸ ಅದು, 1890ರಲ್ಲಿ ಮುಗಿಯಿತು. ಜೆನ್ ಮಠದೊಳಗೆ ಇಟ್ಟಿಗೆ ಕಮಾನು ಅಂದಾಗ ಆ ಕಾಲದಲ್ಲಿ ಒಪ್ಪದವರೂ ಇದ್ದರು. ಈಗ ಹಳೆಯ ಇಟ್ಟಿಗೆಯ ಕಂದುಗೆಂಪಿನ ಮುಂದೆ ಮೇಪಲ್ ಕೊಂಬೆ ಬಂದರೆ, ಎರಡು ಕೆಂಪುಗಳು ಒಂದಕ್ಕೊಂದು ಎಷ್ಟು ಚೆನ್ನಾಗಿ ಒಪ್ಪುತ್ತವೆ ಅಂತ ಅನ್ನಿಸುತ್ತದೆ. ಅದೇ ಕಾಲುವೆಯ ನೀರು ಹತ್ತಿರದ ಮುರಿನ್‌ಆನ್ ತೋಟದೊಳಗೂ ಹರಿಯುತ್ತದೆ. ಆ ತೋಟದಲ್ಲಿ ಕೂತರೆ ಹಿಗಾಶಿಯಾಮಾ ಬೆಟ್ಟವೂ ತೋಟದ ಭಾಗವೇ ಅನ್ನುವ ಹಾಗೆ ಕಟ್ಟಿದ್ದಾರೆ.

ಇಲ್ಲಿಂದ ಸಭೆಯ ಪ್ರಶ್ನೆಗಳು.

ಒಬ್ಬರು ಕೇಳಿದರು: "ಸರ್, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಮೆಟ್ಟಿಲು ಹತ್ತಲು ಆಗುವುದಿಲ್ಲ. ಏನು ಮಾಡುವುದು?"

ಹಾಗಿದ್ದರೆ ತಕಾವೊ ಬೇಡ, ಜಿಂಗೊಜಿಗೆ ನೂರಾರು ಮೆಟ್ಟಿಲು. ಕ್ಯೋಟೊ ಸಸ್ಯೋದ್ಯಾನಕ್ಕೆ ಹೋಗಿ. 1924ರಲ್ಲಿ ತೆರೆದದ್ದು, ಕಿತಾಯಾಮಾ ಮೆಟ್ರೊ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಬಾಗಿಲು. ನೆಲ ಸಮತಟ್ಟು, ಕೂರಲು ಬೆಂಚುಗಳಿವೆ. ಒಳಗೆ ನಕಾರಾಗಿ ಎಂಬ ಹಳೆಯ ಕಾಡಿನ ತುಂಡೊಂದು ಉಳಿದಿದೆ, ಅದರ ಕೊಳದ ಸುತ್ತ ಮೇಪಲ್‌ಗಳು. ಇನ್ನೊಂದು, ಎಯ್‌ಜಾನ್ ರೈಲು. ಇಚಿಹಾರಾ ಮತ್ತು ನಿನೊಸೆ ನಿಲ್ದಾಣಗಳ ನಡುವೆ ಸುಮಾರು 250 ಮೀಟರ್ ಉದ್ದಕ್ಕೂ ಎರಡೂ ಕಡೆ ಮೇಪಲ್ ಕೊಂಬೆಗಳು ಕಿಟಕಿಗೆ ತಾಗುವಷ್ಟು ಹತ್ತಿರ. 2020ರ ಜುಲೈ ಮಳೆಗೆ ಗುಡ್ಡ ಕುಸಿದು ಆ ಮಾರ್ಗ ನಿಂತುಹೋಗಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಕಿಟಕಿಯ ಕಡೆಗೇ ತಿರುಗಿಸಿದ ಸೀಟುಗಳಿರುವ ಗಾಡಿಯೂ ಆ ಮಾರ್ಗದಲ್ಲಿ ಓಡುತ್ತದೆ. ಅಪ್ಪ ಅಮ್ಮ ಕೂತಲ್ಲೇ ಎಲ್ಲ ನೋಡಬಹುದು.

"ಬಸ್ಸಿನಲ್ಲಿ ಓಡಾಡಬಹುದಾ?" ಅಂತ ಇನ್ನೊಬ್ಬರು.

ನವೆಂಬರ್ ಕೊನೆಯಲ್ಲಿ ಆದಷ್ಟು ಬೇಡ. ಸಿಟಿ ಬಸ್ಸುಗಳು ತುಂಬಿ, ದಿನನಿತ್ಯ ಓಡಾಡುವ ಊರಿನ ಜನರಿಗೇ ಹತ್ತಲು ಆಗುವುದಿಲ್ಲ. ಬಸ್ಸಿಗೆ ಮಾತ್ರ ಇದ್ದ ಒಂದು ದಿನದ ಪಾಸ್ ಮಾರುವುದನ್ನು 2023ರಲ್ಲಿ ನಿಲ್ಲಿಸಿದ್ದೂ ಇದಕ್ಕೇ. ಮೆಟ್ರೊ ಮತ್ತು ಖಾಸಗಿ ರೈಲುಗಳಲ್ಲಿ ಹೋಗಿ, ಉಳಿದದ್ದನ್ನು ನಡೆಯಿರಿ. ನಾನ್‌ಜೆನ್‌ಜಿಯಿಂದ ಎಯ್ಕಾನ್‌ದೊ ಹತ್ತೇ ನಿಮಿಷ, ಅಲ್ಲಿಂದ ಶಿನ್ಯೊದೊ ದೇವಸ್ಥಾನ ಕೂಡ ನಡೆಯುವಷ್ಟೇ ದೂರ. ಶಿನ್ಯೊದೊದಲ್ಲಿ ಮೂರಂತಸ್ತಿನ ಗೋಪುರದ ಸುತ್ತ ಎಲೆ ಉದುರಿ ನೆಲವೇ ಕೆಂಪಾಗಿರುತ್ತದೆ. ಅಂಗಳಕ್ಕೆ ಟಿಕೆಟ್ ಇಲ್ಲ.

ಕೊನೆಯ ಪ್ರಶ್ನೆ ಕಾಲೇಜು ಹುಡುಗಿಯೊಬ್ಬಳದು: "ನಮಗೆ ರಜೆ ಸಿಗುವುದೇ ಡಿಸೆಂಬರ್‌ನಲ್ಲಿ. ಆಗ ಹೋದರೆ ಏನೂ ಇರುವುದಿಲ್ವಾ?"

ಮೊದಲ ಹತ್ತು ದಿನದೊಳಗೆ ಹೋಗುವುದಾದರೆ ಖಂಡಿತ ಇರುತ್ತದಮ್ಮ. ನೇರ ಶಿಮೊಗಾಮೊ ಗುಡಿಯ ತದಾಸು ಕಾಡಿಗೆ ಹೋಗು. ಕಾಮೊ ಮತ್ತು ತಕಾನೊ ನದಿಗಳು ಸೇರುವ ಜಾಗದಲ್ಲಿ ಸುಮಾರು 12 ಹೆಕ್ಟೇರ್ ಕಾಡು, ಊರಿನ ನಡುವೆಯೇ. 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಕ್ಯೋಟೊ ಮತ್ತು ಸುತ್ತಲಿನ 17 ತಾಣಗಳಲ್ಲಿ ಈ ಗುಡಿಯೂ ಒಂದು. ಅಲ್ಲಿ ಹೆಚ್ಚಿನವು ಎತ್ತರದ ಹಳೆಯ ಮರಗಳು, ಹಳದಿಗೆ ತಿರುಗುವಂಥವು. ಅವುಗಳ ನೆರಳಲ್ಲಿರುವ ಮೇಪಲ್‌ಗಳು ಎಲ್ಲರಿಗಿಂತ ಕೊನೆಗೆ ಕೆಂಪಾಗುತ್ತವೆ. ದಾರಿ ದಕ್ಷಿಣದಿಂದ ಉತ್ತರಕ್ಕೆ ನೇರ ಇದೆ. ಎಲ್ಲರೂ ಉತ್ತರದ ಗುಡಿಯ ಕಡೆ ಮುಖ ಮಾಡಿ ನಡೆಯುತ್ತಾರೆ, ಬಿಸಿಲು ಅವರ ಬೆನ್ನಿಗೆ. ನೀನು ಗುಡಿಗೆ ಹೋಗಿ, ವಾಪಸ್ ಬರುವಾಗ ಕ್ಯಾಮೆರಾ ತೆಗೆ. ಹನ್ನೆರಡರ ಆಸುಪಾಸು ಸೂರ್ಯ ದಾರಿಯ ದಕ್ಷಿಣದ ತುದಿಯ ನೇರಕ್ಕೇ, ಅದೂ ತಗ್ಗಿನಲ್ಲೇ ಇರುತ್ತಾನೆ, ಕಾಡಿನ ಎಲೆಗಳೆಲ್ಲ ಎದುರುಬೆಳಕಿಗೆ ಬಂದಿರುತ್ತವೆ. ಬೆಳಗ್ಗೆ ಬೇಗ ಏಳಬೇಕಾಗಿಯೂ ಇಲ್ಲ, ಹನ್ನೊಂದೂವರೆಗೆ ಅಲ್ಲಿದ್ದರೆ ಆಯಿತು.